ಹಪ್ಪಳದ ತಾರಸಿಯ ನಂಬರು

ನನ್ನ ಕೆಲಸ ಮಂಗಗಳನ್ನು ಓಡಿಸುವುದು. ಮಂಗಗಳಿರುವುದು ತೀರ್ಥಹಳ್ಳಿಯಲ್ಲಿ, ನಾನಿರುವುದು ಹೊಸನಗರದಲ್ಲಿ. ನಡುವೆ ಒಂದು ಗಂಟೆಗೂ ಹೆಚ್ಚಿನ ಬಸ್ಸಿನ ದಾರಿ. ಯಾರಾದರೂ ಕೇಳಿದರೆ ನನ್ನಮ್ಮ ಹುಲಿಯಮ್ಮ, "ಚೈತನ್ಯಾ ಕಂಪ್ಯೂಟರ್ ಕೆಲಸ ಮಾಡ್ತಾಳೆ" ಅನ್ನುತ್ತಾಳೆ. ಕಂಪ್ಯೂಟರ್ ಅಲ್ಲ, ಅದು ಮೂಲೆ ಒಡೆದ ಒಂದು ಟ್ಯಾಬ್. ಆದರೆ ನಾನು ಅಮ್ಮನನ್ನು ತಿದ್ದುವುದಿಲ್ಲ. ನಾನು ಯಾರನ್ನೂ ತಿದ್ದುವುದಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರು ಪಾಠ ಗಟ್ಟಿಯಾಗಿ ಓದು ಎಂದು ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದರು. ಬೆಲ್ ಹೊಡೆಯುವ ತನಕ ಪುಸ್ತಕ ಹಿಡಿದುಕೊಂಡು ನಿಂತೆ, ಒಂದಕ್ಷರ ಹೊರಡಲಿಲ್ಲ. ಮಾರನೇ ದಿನ ಹೊಟ್ಟೆನೋವು ಬಂತು. ಆ ಹೊಟ್ಟೆನೋವು ಬೇಸಿಗೆ ರಜೆಯವರೆಗೂ ಇತ್ತು. ರಜೆ ಮುಗಿದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಆಮೇಲಿನ ಐದು ವರ್ಷ ಕಿಟಕಿಯ ಹತ್ತಿರ ಕೂತು ನೋಡಿದೆ. ಎದುರು ಮನೆಯ ಹುಂಜ ಎಷ್ಟು ಹೊತ್ತಿಗೆ ಯಾರ ಬೇಲಿ ದಾಟುತ್ತದೆ, ಪೋಸ್ಟ್‌ಮ್ಯಾನ್ ಯಾವ ಮನೆಯ ಪತ್ರವನ್ನು ಓದಿ ಕೊಡುತ್ತಾನೆ, ಎಲ್ಲ ನನಗೆ ಗೊತ್ತು. ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ.

ಈ ಕೆಲಸ ಸಿಕ್ಕಿದ್ದು ಅಪ್ಪಯ್ಯನ ದೆಸೆಯಿಂದ. ಅಪ್ಪಯ್ಯ, ಅಂದರೆ ಕನ್ನಪ್ಪ, ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ತೀರ್ಥಹಳ್ಳಿಯ ಜ್ವಾಲಾಮಾಲಿನಿಯಮ್ಮ ಮನೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡಿಸಿ ಸಾಗರದ ಅಂಗಡಿಗಳಿಗೆ ಇದೇ ಬಸ್ಸಿನಲ್ಲಿ ಕಳಿಸುತ್ತಾರೆ. ಹೆಸರು ಉದ್ದವಾಯಿತು ಎಂದು ಊರವರೆಲ್ಲ ಅವರನ್ನು ಮಾಲಿನಮ್ಮ ಎನ್ನುತ್ತಾರೆ. ತಾರಸಿಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಮಂಗನ ಕಾಟ. ಕಾಯಲು ಇಟ್ಟಿದ್ದ ಹೆಂಗಸು ಫೋನಿನಲ್ಲಿ ಮಾತಾಡುತ್ತಾ ಗೋಡೆಯ ಕಡೆ ತಿರುಗಿ ಕೂರುತ್ತಿದ್ದಳಂತೆ. ಕೊನೆಗೆ ಮಾಲಿನಮ್ಮ ಕ್ಯಾಮೆರಾ ಹಾಕಿಸಿದರು. ಅದಕ್ಕೆ ಸ್ಪೀಕರೂ ಇತ್ತು, ಎಲ್ಲಿಂದ ಬೇಕಾದರೂ ಗದರಿಸಬಹುದು.

"ಬರೀ ನೋಡೋರು ಬೇಕು ಕನ್ನಪ್ಪಾ," ಎಂದರಂತೆ.

"ನಮ್ಮನೇಲಿ ಒಬ್ಬಳಿದ್ದಾಳೆ ಅಮ್ಮಾ. ನೋಡೋದು ಬಿಟ್ಟು ಬೇರೆ ಎಂತದೂ ಮಾಡಲ್ಲ."

ಹಾಗೆ ನಾನು ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆವರೆಗೆ ಟ್ಯಾಬಿನ ಮುಂದೆ ಕೂರಬೇಕು. ಮಂಗ ಬಂದರೆ ಮೈಕಿನ ಗುರುತು ಒತ್ತಿ ಗದರಿಸಬೇಕು. ಮಾಲಿನಮ್ಮ ಜೈನರು, ಅವರದೊಂದು ನಿಯಮ ಇತ್ತು. ಕವಣೆ ಇಲ್ಲ, ಪಟಾಕಿ ಇಲ್ಲ. ಗದರಿಸಬಹುದು, ಆದರೆ ಶಾಪ ಹಾಕಬಾರದು. "ಸಾಯಿ ಅನ್ನಬಾರದು, ಹಾಳಾಗಿ ಹೋಗು ಅನ್ನಬಾರದು. ಅದಕ್ಕೂ ಒಂದು ಜೀವ ಇದೆ," ಎಂದು ಫೋನಿನಲ್ಲಿ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. ಫೋನಿನಲ್ಲಿ ಅದು ಕಾಣುವುದಿಲ್ಲ ಎಂದು ಆಮೇಲೆ ಹೊಳೆಯಿತು.

ಗದರಿಸುವುದು ನನ್ನಿಂದ ಆಗಲಿಲ್ಲ. ಮೊದಲ ದಿನವೇ ಮೈಕು ಒತ್ತಿ ಬಾಯಿ ತೆರೆದೆ, ಮಂಗ ನನ್ನ ಕಡೆ ನೋಡಿತು, ಬಾಯಿ ಮುಚ್ಚಿದೆ. ಓಡಿ ಹೋಗಿ ಅಡುಗೆಮನೆಯಿಂದ ಸ್ಟೀಲ್ ತಟ್ಟೆ ಮತ್ತು ಸೌಟು ತಂದು ಬಡಿದೆ. ಮಂಗ ಹಾರಿ ಹೋಯಿತು. ಅಲ್ಲಿಂದ ತಟ್ಟೆಯೇ ನನ್ನ ದನಿ. ಒಂದೂ ಮಾತಾಡದೆ ಮಾಡಬಹುದಾದ ಕೆಲಸ ಈ ಮೂರು ತಾಲ್ಲೂಕಿನಲ್ಲಿ ಅದೊಂದೇ ಇದ್ದಿರಬೇಕು.

ಇದು ತಪ್ಪಿದರೆ ಏನು ಎನ್ನುವುದೂ ತೀರ್ಮಾನವಾಗಿತ್ತು. ಸಾಗರದಲ್ಲಿ ಒಂದು ಬಟ್ಟೆ ಅಂಗಡಿ. ಅಲ್ಲಿ ಬಾಗಿಲಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ, "ಬನ್ನಿ ಅಕ್ಕಾ, ಒಳಗೆ ಬನ್ನಿ, ನೋಡೋದಕ್ಕೆ ದುಡ್ಡಿಲ್ಲ" ಎಂದು ಕರೆಯುವ ಹುಡುಗಿ ಬೇಕಾಗಿದ್ದಳು. ಅಮ್ಮ ಮಾತಾಡಿ ಇಟ್ಟಿದ್ದಳು. ಆ ಬಾಗಿಲನ್ನು ನಾನು ಒಮ್ಮೆ ಬಸ್ಸಿನಿಂದ ನೋಡಿದ್ದೆ. ಅದರ ಎದುರಿಗೇ ಬಸ್ ಸ್ಟ್ಯಾಂಡ್. ಒಂದೇ ಸಲಕ್ಕೆ ಇನ್ನೂರು ಜನ ನೋಡುವ ಜಾಗ.

ಎರಡು ವಾರ ಎಲ್ಲ ಚೆನ್ನಾಗಿ ನಡೆಯಿತು. ಏಪ್ರಿಲ್ ಕೊನೆಯಲ್ಲಿ ಒಂದು ಬೆಳಿಗ್ಗೆ ಗುಡುಗಿತು. ಕರೆಂಟ್ ಹೋಗಿ ಎರಡು ನಿಮಿಷಕ್ಕೆ ಬಂತು. ಕರೆಂಟ್ ಹುಟ್ಟುವುದು ನಮ್ಮ ಪಕ್ಕದ ಜೋಗದಲ್ಲಿ, ಆದರೂ ಮೊದಲು ಹೋಗುವುದು ನಮ್ಮಲ್ಲೇ. ಟ್ಯಾಬಿಗೆ ಸಿಮ್ ಇದ್ದದ್ದರಿಂದ ಅದೇನೂ ಆರಲಿಲ್ಲ. ಚಿತ್ರ ಮಾತ್ರ ನಿಂತು, ಸುತ್ತಿ ಸುತ್ತಿ, ಮತ್ತೆ ಬಂತು.

ಹಪ್ಪಳ ಇರಲಿಲ್ಲ. ತಾರಸಿಯೂ ಇರಲಿಲ್ಲ. ಅಲ್ಲಿ ಒಂದು ಅಂಗಳ, ಸಾಲಾಗಿ ದಾಸವಾಳದ ಗಿಡ, ಸಿಮೆಂಟಿನ ಬೆಂಚು. ಬೆಂಚಿನ ಮೇಲೆ ಬನಿಯನ್ ಹಾಕಿಕೊಂಡ ಒಬ್ಬ ಅಜ್ಜ ಕೂತು ಫೋನು ನೋಡುತ್ತಿದ್ದರು.

ಮಂಗಗಳು ಹಪ್ಪಳ ತಿನ್ನುವುದು ಗೊತ್ತು. ತಾರಸಿ ತಿನ್ನುವುದು ಗೊತ್ತಿರಲಿಲ್ಲ. ಏನು ಮಾಡುವುದೆಂದು ತೋಚದೆ ತಟ್ಟೆ ಬಡಿದೆ. ಅಜ್ಜ ತಲೆಯೆತ್ತಿದರು. "ಇಷ್ಟು ಬೇಗ ಊಟ ಆತನೇ?" ಎಂದು ಒಳಗೆ ಕೇಳಿ, ಎದ್ದು ಕೈ ತೊಳೆದುಕೊಂಡು ಹೋದರು. ಆಗ ಹತ್ತೂವರೆ ಗಂಟೆ.

ಅಷ್ಟರಲ್ಲಿ ನಿಜವಾದ ತಾರಸಿಯ ಮೇಲೆ ನಿಜವಾದ ಮಂಗಗಳು ಮುನ್ನೂರು ಹಪ್ಪಳ ಮುಗಿಸಿದ್ದವು.

ಕ್ಯಾಮೆರಾ ಹಾಕಿದವನು ವಿನೋದ್. ಮೂರು ತಾಲ್ಲೂಕಿನಲ್ಲೂ ಅವನೇ ಕ್ಯಾಮೆರಾ ಹಾಕುತ್ತಾನೆ, ಅದಕ್ಕೇ ಅವನು ಯಾವ ತಾಲ್ಲೂಕಿನಲ್ಲೂ ಸಿಕ್ಕುವುದಿಲ್ಲ. ಅವತ್ತು ಸಂಜೆ ಅಪ್ಪಯ್ಯನ ಬಸ್ಸಿನಲ್ಲೇ ಸಿಕ್ಕಿಬಿದ್ದ. ಬಸ್ಸು ಹೊಸನಗರದಲ್ಲಿ ಟೀಗೆ ನಿಂತಾಗ ಅಪ್ಪಯ್ಯ ಅವನನ್ನು ನಮ್ಮ ಮನೆಗೆ ಎಳೆದುಕೊಂಡು ಬಂದ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ.

"ಐಪಿ ಬದಲಾಗಿದೆ ಅಷ್ಟೆ," ಎಂದ ವಿನೋದ್.

"ಕನ್ನಡದಲ್ಲಿ ಹೇಳು ಮಾರಾಯಾ," ಎಂದಳು ಅಮ್ಮ.

"ಇಂಟರ್ನೆಟ್ಟಿನಲ್ಲಿ ಪ್ರತಿ ಮನೆಗೂ ಒಂದು ನಂಬರು ಹುಲಿಯಮ್ಮಾ. ನಾಲ್ಕು ತುಂಡು, ನಡುವೆ ಚುಕ್ಕಿ. ಆ ನಂಬರು ಮನೆಯದ್ದಲ್ಲ, ಕೇಬಲ್ ಆಫೀಸಿನವರದ್ದು. ಮೂರು ತಾಲ್ಲೂಕಿಗೂ ಒಂದೇ ಆಫೀಸು. ಅವರ ಹತ್ರ ಒಂದಷ್ಟು ನಂಬರು ಇರ್ತದೆ. ವೈಫೈ ಡಬ್ಬಿ ಆರಿ ಹತ್ತಿದ್ರೆ, ಆಗ ಯಾವುದು ಖಾಲಿ ಇದ್ಯೋ ಅದನ್ನ ಕೊಡ್ತಾರೆ. ಕೆಲವು ಸಲ ಆರದಿದ್ರೂ, ವಾಯಿದೆ ಮುಗೀತು ಅಂತ ಬದಲು ಮಾಡ್ತಾರೆ."

ಅಪ್ಪಯ್ಯ ಟೀ ಲೋಟ ಕೆಳಗಿಟ್ಟ. "ಅಂದ್ರೆ ಬಸ್ಸಿನ ಸೀಟು. ಟೀ ಕುಡಿಯೋಕೆ ಇಳಿದ್ರೆ ಹೋತು. ಬಂದು ನೋಡೋ ಹೊತ್ತಿಗೆ ಬೇರೆಯವರು ಕೂತಿರ್ತಾರೆ, ನಾವು ಬೇರೆ ಖಾಲಿ ಸೀಟು ಹುಡುಕ್ಬೇಕು."

"ಅದೇ."

"ಟವೆಲ್ ಹಾಕಿ ಇಳಿದ್ರೆ?"

"ಅದಕ್ಕೂ ಇದೆ ಕನ್ನಪ್ಪಣ್ಣ. ಕಾಯಂ ನಂಬರು. ತಿಂಗಳಿಗೆ ಜಾಸ್ತಿ ಕಟ್ಬೇಕು. ಅರ್ಜಿ ಹಾಕ್ಬೇಕು. ಈಗ ಅವರ ಹತ್ರ ಇಲ್ಲ, ಬಂದಾಗ ಹೇಳ್ತಾರಂತೆ."

"ಅಂದ್ರೆ ಟವೆಲ್ಲೇ ಸ್ಟಾಕಿಲ್ಲ."

"ಇನ್ನೊಂದು ದಾರಿ ಇದೆ. ನಂಬರು ಬಿಟ್ಟು ಹೆಸರು ಇಡೋದು. ನಂಬರು ಬದಲಾದಾಗೆಲ್ಲ ಡಬ್ಬಿಯೇ ಹೋಗಿ, ನಾನೀಗ ಇಲ್ಲಿದ್ದೀನಿ ಅಂತ ಒಂದು ಕಡೆ ಬರೆಸಿ ಬರ್ತದೆ. ನಾವು ಹೆಸರು ಹೇಳಿದ್ರೆ ಆಯ್ತು, ಹೊಸ ನಂಬರು ಅದೇ ಹುಡುಕಿಕೊಳ್ತದೆ."

ಅಪ್ಪಯ್ಯನಿಗೆ ಅದೂ ಅರ್ಥವಾಯಿತು. ಬಸ್ಸಿನಲ್ಲಿ ಕಂಡಕ್ಟರು ಎಷ್ಟನೇ ಸೀಟಿನಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ. ಕನ್ನಪ್ಪ ಎಲ್ಲಿ ಎನ್ನುತ್ತಾರೆ, ಯಾರಾದರೂ ತೋರಿಸುತ್ತಾರೆ. "ಮತ್ತೆ ಹಾಗೇ ಮಾಡು."

"ಮಾಡ್ತೀನಿ. ಮುಂದಿನ ವಾರ. ಸದ್ಯಕ್ಕೆ ಕರೆಂಟ್ ಹೋದಾಗೆಲ್ಲ ಮಾಲಿನಮ್ಮ ಅವರ ವೈಫೈನಲ್ಲೇ ತಮ್ಮ ಫೋನು ತೆಗೆದು 'ನನ್ನ ಐಪಿ ಏನು' ಅಂತ ಕೇಳಿದ್ರೆ ನಂಬರು ತೋರಿಸ್ತದೆ. ಅದನ್ನ ಇವಳಿಗೆ ಕಳಿಸಿದ್ರೆ ಸಾಕು."

ಬಾಗಿಲ ಹಿಂದೆ ನನಗೊಂದು ಪ್ರಶ್ನೆ ಇತ್ತು. ಅಮ್ಮನ ಕಿವಿಯಲ್ಲಿ ಹೇಳಿದೆ, ಅಮ್ಮ ಗಟ್ಟಿಯಾಗಿ ಕೇಳಿದಳು. "ನಂಬರು ಬೇರೆ ಮನೆಗೆ ಹೋಗ್ಲಿ, ಆದ್ರೆ ಅವರ ಮನೆ ಬಾಗಿಲು ಇವಳಿಗೆ ಹ್ಯಾಗೆ ತೆರೀತು ಅಂತ. ಪಾಸ್‌ವರ್ಡ್ ಇರಲ್ವಾ?"

ವಿನೋದ್ ಟೀಯೊಳಗೆ ನೋಡಿದ. "ಇರ್ತದೆ. ಎಲ್ಲರಿಗೂ ಒಂದೇ. ವಿನೋದ್ ಒಂದು ಎರಡು ಮೂರು."

"ಎಲ್ಲರಿಗೂ?"

"ಬೇರೆ ಬೇರೆ ಇಟ್ರೆ ಜನ ಮರೀತಾರೆ ಹುಲಿಯಮ್ಮಾ. ಆಮೇಲೆ ನನಗೇ ಫೋನ್ ಮಾಡ್ತಾರೆ. ನಾನೂ ಮರ್ತಿದ್ರೆ?"

ಹೊರಗೆ ಬಸ್ಸಿನ ಹಾರ್ನ್ ಹೊಡೆಯಿತು. ಅವನ ಸೀಟು ಹೋಗಿತ್ತು, ನಿಂತುಕೊಂಡು ಹೋದ.

ಮಾಲಿನಮ್ಮ ಶಿಸ್ತಿನವರು. ಮರುದಿನದಿಂದ ಕರೆಂಟ್ ಹೋಗಿ ಬಂದಾಗೆಲ್ಲ ನಂಬರು ಓದಿ ಹೇಳುತ್ತಿದ್ದರು. ಹಾಲು ಬಾರದ ದಿನ ಗುರುತು ಹಾಕುವ ಕ್ಯಾಲೆಂಡರಿನಲ್ಲೇ ಅದನ್ನೂ ಬರೆದಿಡುತ್ತಿದ್ದರು. ಒಂದು ದಿನ ಮೂರು ಸಲ ನಂಬರು ಬದಲಾಯಿತು. "ಈ ಮನೆಗೆ ಬಂದು ನಲವತ್ತೊಂದು ವರ್ಷ ಆಯ್ತು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಮಂಚ ಸರಿಸಿಲ್ಲ. ಇದು ನೋಡು," ಎಂದು ಬೇಸರಪಟ್ಟರು. ಬೇಸರದಲ್ಲೇ ಡಬ್ಬಿಗೆ ಬ್ಯಾಟರಿ ತಂದು ಹಾಕಿದರು. ಇನ್ನು ಕರೆಂಟ್ ಹೋದರೂ ಡಬ್ಬಿ ಆರುವುದಿಲ್ಲ, ಸೀಟು ಬಿಟ್ಟು ಏಳುವುದಿಲ್ಲ.

ನಾಲ್ಕು ದಿನ ಏಳಲಿಲ್ಲ. ಐದನೇ ದಿನ ಮಳೆ ಗಾಳಿಗೆ ಕೇಬಲ್ ಆಫೀಸಿನ ಯಂತ್ರವೇ ಆರಿ ಹತ್ತಿತು. ಬಸ್ಸೇ ಬದಲಾದ ಹಾಗೆ. ಮಾಲಿನಮ್ಮನ ಡಬ್ಬಿಯ ಹಸಿರು ದೀಪ ಆರದ ಕಾರಣ ಅವರು ನಂಬರು ನೋಡಲಿಲ್ಲ. ನಾನು ಒಂದೂವರೆ ಗಂಟೆ ಜೋಗದ ಯಾವುದೋ ಟೀ ಅಂಗಡಿಯ ಗಲ್ಲಾಪೆಟ್ಟಿಗೆ ನೋಡುತ್ತಾ ಕೂತೆ. ಮಾಲಿನಮ್ಮನಿಗೆ ಫೋನ್ ಮಾಡಿದೆ, ಅವರು ಎತ್ತಿದ್ದು ಎರಡನೇ ಸಲವೂ ಹಪ್ಪಳ ಮಂಗಗಳ ಪಾಲಾದ ಮೇಲೆ. ಕೆಳಗೆ ನಾಲ್ಕು ಹೆಂಗಸರು ಬೇಯಿಸಿದ ಹಲಸಿನ ಸೊಳೆಯನ್ನು ಒರಳಲ್ಲಿ ಕುಟ್ಟುತ್ತಿರುತ್ತಾರೆ. ಆ ಸದ್ದಿನಲ್ಲಿ ಫೋನು ಕೇಳುವುದಿಲ್ಲ.

ಆಮೇಲೆ ಮೇ ತಿಂಗಳ ಎರಡನೇ ಶನಿವಾರ ಬಂತು. ಮಾಲಿನಮ್ಮನ ತಂಗಿಯ ಮಗಳು ಆರತಿಯ ಮದುವೆಗೆ ಎರಡು ಸಾವಿರ ಹಪ್ಪಳ. ಅವತ್ತು ಒಣಗಿದರೆ ಉಂಟು, ಸೋಮವಾರ ಕೊಡಬೇಕು, ಹಲಸಿನಕಾಯಿಯೂ ಬಲಿತು ಮುಗಿಯುತ್ತಾ ಬಂದಿತ್ತು. ಬೆಳಿಗ್ಗೆ ಫೋನ್ ಮಾಡಿದರು.

"ಚೈತನ್ಯಾ, ನಿನ್ನ ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಎರಡು ಸಲ ಆಯ್ತು. ಇವತ್ತೂ ಹೋದ್ರೆ ನಾಳೆಯಿಂದ ನೀನು ಬರೋದು ಬೇಡ. ಹೇಗೂ ನೀನು ಬರಲ್ಲ. ಆದ್ರೂ ಬರೋದು ಬೇಡ."

ಅಮ್ಮ ಅದನ್ನು ಕೇಳಿಸಿಕೊಂಡಳು. ನನ್ನ ಹಸಿರು ಚೂಡಿದಾರ ತೆಗೆದು ಇಸ್ತ್ರಿ ಮಾಡತೊಡಗಿದಳು. ಬಟ್ಟೆ ಅಂಗಡಿಯಲ್ಲಿ ನೀಟಾಗಿ ಬರಬೇಕು ಎಂದಿದ್ದರಂತೆ. ಇಸ್ತ್ರಿ ಮುಗಿಸಿ ಮೊಳೆಗೆ ನೇತುಹಾಕಿ, ಸಂತೆಗೆ ಹೋದಳು. ಚೂಡಿದಾರ ನನ್ನ ಎದುರಿಗೇ ನೇತಾಡುತ್ತಿತ್ತು, ತಲೆ ಇಲ್ಲದ ನಾನೇ ಅಲ್ಲಿ ನಿಂತ ಹಾಗೆ.

ಹನ್ನೊಂದೂಕಾಲಿಗೆ ಹುಲಿಕಲ್ ಘಾಟಿ ಕಡೆಯ ಮೋಡ ಒಂದು ಸಲ ಗುಡುಗಿತು. ಹನಿ ಬೀಳಲಿಲ್ಲ. ಫ್ಯಾನು ನಿಂತು ತಿರುಗಿತು. ಕೇಬಲ್ ಆಫೀಸಿನ ಯಂತ್ರವೂ ಆರಿ ಹತ್ತಿರಬೇಕು. ಟ್ಯಾಬಿನಲ್ಲಿ ಎರಡು ಸಾವಿರ ಹಪ್ಪಳ ನಿಂತವು, ಸುತ್ತಿದವು, ಹೋದವು. ದಾಸವಾಳ ಬಂತು. ಅಂಗಳ, ಬೆಂಚು, ಅದೇ ಅಜ್ಜ.

ಮಾಲಿನಮ್ಮನಿಗೆ ಏಳು ಸಲ ಫೋನ್ ಮಾಡಿದೆ. ಕುಟ್ಟುತ್ತಿದ್ದಿರಬೇಕು. ಅಪ್ಪಯ್ಯನ ಫೋನು ಕಾಡಿನ ನಡುವಿನ ದಾರಿಯಲ್ಲಿ ಸಿಗುವುದಿಲ್ಲ. ವಿನೋದನಿಗೆ ಮಾಡಿದರೆ, ಏಣಿ ಮೇಲಿದ್ದೇನೆ ಎಂದು ಅವನ ಫೋನೇ ಮೆಸೇಜು ಕಳಿಸಿತು.

ಅಜ್ಜ ತಮ್ಮ ಫೋನನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಮೊಣಕಾಲಿಗೆ ತಟ್ಟಿದರು.

"ಆನು ಕಾಣ್ತಾ ಇಲ್ಲೆ," ಎಂದರು. ಹವ್ಯಕರ ಮಾತು, ಆನು ಅಂದರೆ ನಾನು.

ಒಳಗಿಂದ ಸೊಸೆ ಇರಬೇಕು, "ಎಲ್ಲಿ ಕಾಣ್ತಾ ಇಲ್ಲೆ ಮಾವಾ?" ಎಂದಳು.

"ಫೋನಲ್ಲಿ. ದಿನಾ ಕಾಣ್ತಿದ್ದೆ. ಇವತ್ತು ಆನಿಲ್ಲೆ, ಹಪ್ಪಳ ಇದ್ದು."

"ಈಗ ಹಪ್ಪಳ ಕರಿಯಲೆ ಎಣ್ಣೆ ಇಲ್ಲೆ. ಆನು ಮೀಯಲೆ ಹೋಗ್ತೆ." ಬಾಗಿಲು ಹಾಕಿದ ಸದ್ದು.

ನಾನು ಟ್ಯಾಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ನಮ್ಮ ನಂಬರಿನಲ್ಲಿ ಇವರು ಕೂತಿದ್ದರೆ, ಇವರ ನಂಬರಿನಲ್ಲಿ ನಾವು ಕೂತಿದ್ದೇವೆ. ನಾನು ಅವರ ಅಂಗಳ ನೋಡುತ್ತಿದ್ದೆ, ಅವರು ನನ್ನ ತಾರಸಿ ನೋಡುತ್ತಿದ್ದರು. ಮಾಲಿನಮ್ಮನ ತಾರಸಿಗೆ ಈ ಹೊತ್ತಿನಲ್ಲಿ ಇರುವ ಒಂದೇ ಬಾಯಿ ಆ ಅಜ್ಜನ ಅಂಗೈಯಲ್ಲಿತ್ತು.

ಕೈ ತಟ್ಟೆಗೆ ಹೋಯಿತು. ಬಡಿಯುವ ಮೊದಲೇ ತಡೆದೆ. ತಟ್ಟೆ ಬಡಿದರೆ ಅವರು ಊಟಕ್ಕೆ ಎದ್ದು ಹೋಗುತ್ತಾರೆ.

ಮೈಕು ಒತ್ತಿದೆ. ಮೊದಲು ಬರೀ ಉಸಿರು ಹೋಯಿತು. ಅಜ್ಜ ಕಿವಿ ಉಜ್ಜಿಕೊಂಡರು. ಮೊಳೆಯ ಮೇಲಿನ ಚೂಡಿದಾರ ಗಾಳಿಗೆ ಒಂದು ತೋಳು ಎತ್ತಿತು, ಯಾರನ್ನೋ ಒಳಗೆ ಕರೆಯುವ ಹಾಗೆ.

"ಅಜ್ಜಾ," ಎಂದೆ.

ಅವರು ಗೇಟಿನ ಕಡೆ ನೋಡಿದರು, ಬೆಂಚಿನ ಕೆಳಗೆ ನೋಡಿದರು.

"ಅಜ್ಜಾ, ಮೇಲೆ. ಕ್ಯಾಮೆರಾ."

ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ನೋಡಿದರು. "ಯಾರು? ಹೂವಿನ ಕಳ್ಳರಾ?" ದಾಸವಾಳ ಕದಿಯುವವರನ್ನು ಹಿಡಿಯಲು ಹಾಕಿಸಿದ ಕ್ಯಾಮೆರಾ ಅದು ಎಂದು ಆಮೇಲೆ ತಿಳಿಯಿತು. ಕಳ್ಳರು ಅದರೊಳಗಿನಿಂದಲೇ ಮಾತಾಡುತ್ತಾರೆ ಎಂದು ಅವರು ಎಣಿಸಿರಲಿಲ್ಲ.

"ಅಲ್ಲ. ನಾನು ಹೊಸನಗರದೋಳು. ಬಸ್ ಕಂಡಕ್ಟರ್ ಕನ್ನಪ್ಪನ ಮಗಳು."

ಅವರ ಮುಖ ಸಡಿಲವಾಯಿತು. "ಓ, ಕನ್ನಪ್ಪನ ಮಗಳಾ. ನಾನು ಹೇರಂಬ, ಸಾಗರ. ನಿನ್ನಪ್ಪಂಗೆ ಹೇಳು, ಗೊತ್ತಾಗ್ತದೆ. ಮತ್ತೆ ಅದರೊಳಗೆ ಯಾಕೆ ಕೂತಿದ್ದೀಯೆ ಕೂಸೇ?"

"ಅಜ್ಜಾ, ಸೀಟು ಅದಲುಬದಲಾಗಿದೆ. ನಿಮ್ಮ ಫೋನಲ್ಲಿ ಕಾಣ್ತಿರೋದು ತೀರ್ಥಹಳ್ಳಿ ಮಾಲಿನಮ್ಮನ ತಾರಸಿ. ಮದುವೆ ಹಪ್ಪಳ. ನಾನು ಕಾಯೋಳು. ನನಗೆ ಅದು ಕಾಣ್ತಿಲ್ಲ, ನೀವು ಕಾಣ್ತಿದ್ದೀರಿ."

ಇಷ್ಟು ಮಾತು ಒಟ್ಟಿಗೆ ನಾನು ಹೊರಗಿನವರ ಹತ್ತಿರ ಆಡಿದ್ದು ಅದೇ ಮೊದಲು.

"ಹಾಗಾದ್ರೆ ನಾನು ಎಲ್ಲೂ ಹೋಗಿಲ್ಲ," ಎಂದರು ಹೇರಂಬಜ್ಜ ಸಮಾಧಾನದಿಂದ. ಫೋನು ನೋಡಿದರು. "ಹಪ್ಪಳ ಚೆನ್ನಾಗಿದ್ದಾವೆ. ದುಂಡಗೆ. ಈಗ ಮಂಗ ಬಂತು."

"ಎಷ್ಟು?"

"ಒಂದು. ತಡಿ, ಮೂರು. ದೊಡ್ಡದೊಂದು ನೀರಿನ ಟ್ಯಾಂಕಿನ ಮೇಲೆ ಕೂತಿದೆ. ಒಳ್ಳೇ ಯಜಮಾನನ ಹಾಗಿದೆ."

"ಅಜ್ಜಾ, ಫೋನಲ್ಲಿ ಮೈಕಿನ ಗುರುತಿದೆ. ಅದನ್ನ ಒತ್ತಿ ಗದರಿಸಿ."

ಅವರು ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. "ಇವತ್ತು ಶನಿವಾರ."

"ಹಾಂ?"

"ಶನಿವಾರ ಹನುಮಂತನ ವಾರ. ನಾನು ಮಂಗನ್ನ ಗದರಿಸೋದಿಲ್ಲ. ನಲವತ್ತು ವರ್ಷ ಆಯ್ತು."

"ಅವು ತೀರ್ಥಹಳ್ಳಿ ಮಂಗ ಅಜ್ಜಾ."

"ತೀರ್ಥಹಳ್ಳೀಲೂ ಶನಿವಾರವೇ ಅಲ್ವಾ."

"ಮನೇಲಿ ಬೇರೆ ಯಾರಾದ್ರೂ?"

"ಸೊಸೆ ಸ್ನಾನಕ್ಕೆ ಹೋದ್ಲು. ಈಗ ಒಂದು ಇಳೀತು. ಒಂದು ಹಪ್ಪಳ ತಗಂಡು ಮೂಸಿ ನೋಡ್ತಾ ಇದೆ. ತಿಂತು. ಚೆನ್ನಾಗಿದೆ ಅಂತ ಕಾಣ್ತದೆ, ಇನ್ನೆರಡಕ್ಕೆ ಕೈ ಹಾಕ್ತು."

"ಅಜ್ಜಾ, ಈ ಹಪ್ಪಳ ಹೋದ್ರೆ ನನ್ನನ್ನ ಬಟ್ಟೆ ಅಂಗಡಿ ಬಾಗಿಲಲ್ಲಿ ನಿಲ್ಲಿಸ್ತಾರೆ."

ಹೇಗೆ ಹೇಳಿದೆನೋ, ಅಜ್ಜ ಫೋನಿನಿಂದ ತಲೆಯೆತ್ತಿದರು. ಅವರು ಹನುಮಂತನನ್ನೂ ನನ್ನನ್ನೂ ಎದುರುಬದುರು ಇಟ್ಟು ತೂಗುತ್ತಿದ್ದಾರೆ ಎಂದು ತಿಳಿಯುತ್ತಿತ್ತು. ಕೊನೆಗೆ ಎದ್ದರು.

"ಒಂದು ಮಾಡು. ಗದರಿಸೋದು ನೀನು. ನಾನು ಬರೀ ಫೋನ್ ಹಿಡ್ಕಳ್ತೀನಿ. ಹಿಡ್ಕಂಡ್ರೆ ದೋಷ ಇಲ್ಲೆ."

ಪಂಚೆ ಎತ್ತಿ ಕಟ್ಟಿ ಬೆಂಚಿನ ಮೇಲೆ ಹತ್ತಿದರು. ಫೋನನ್ನು ಕ್ಯಾಮೆರಾದ ಬಾಯಿಗೆ ಹಿಡಿದರು. ನನ್ನ ಟ್ಯಾಬಿನ ತುಂಬ ಈಗ ಒಂದು ಹೆಬ್ಬೆರಳು, ಅದರಾಚೆ ಸ್ವಲ್ಪ ದಾಸವಾಳ. "ಒತ್ತಿದ್ದೀನಿ, ಶುರು ಮಾಡು. ನಾನು ಕೇಳಿಸ್ಕಳೋದಿಲ್ಲ," ಎಂದು ಇನ್ನೊಂದು ಕೈಯಿಂದ ತಮ್ಮ ಒಂದು ಕಿವಿ ಮುಚ್ಚಿಕೊಂಡರು.

ಏನೆಂದು ಗದರಿಸುವುದು? ನನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿದೆ. ಅಮ್ಮನ ಬೈಗುಳದಲ್ಲೆಲ್ಲ ಕೊನೆಗೆ ಯಾರಾದರೊಬ್ಬರು ಸಾಯುತ್ತಾರೆ. ಮಾಲಿನಮ್ಮನಿಗೆ ಅದು ಆಗದು. ಹಾಳಾಗುವುದೂ ಆಗದು. ಜೀವಕ್ಕೆ ಅಪಾಯವಿಲ್ಲದ, ಆದರೂ ಜನ ಎದ್ದು ಹೋಗುವಂಥ ಗಟ್ಟಿ ಮಾತು ನಮ್ಮ ಮನೆಯಲ್ಲಿ ಒಬ್ಬರದೇ. ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೆ.

"ಇಳೀರಿ ಇಳೀರಿ," ಎಂದು ಕೂಗಿದೆ. "ತೀರ್ಥಹಳ್ಳಿ ಬಂತು, ಕೊನೇ ಸ್ಟಾಪು. ಏ ಯಜಮಾನ್ರೇ, ಟ್ಯಾಂಕ್ ಮೇಲಿನವರು, ನಿಮಗೇ ಹೇಳ್ತಿರೋದು. ಟಿಕೆಟ್ ಇಲ್ದೋರೆಲ್ಲ ಇಳೀರಿ. ಏನ್ರೀ, ಕೈಯಲ್ಲೇನು ಅದು, ಲಗೇಜಿಗೆ ಬೇರೆ ಚಾರ್ಜು. ಕೆಳಗಿಡಿ. ಮಕ್ಕಳನ್ನ ಎತ್ಕಳ್ಳಿ, ಮಕ್ಕಳನ್ನ ಎತ್ಕಳ್ಳಿ. ಹಿಂದೆ ಸರೀರಿ, ಹಿಂದಿನ ಬಾಗಿಲಿಂದ ಇಳೀರಿ. ಬೇಗ ಬೇಗ, ಗಾಡಿ ಡಿಪೋಗೆ ಹೋಗ್ಬೇಕು. ಹೋಲ್ಡಾನ್. ರೈಟ್ ರೈಟ್ ರೈಟ್."

ದನಿ ನನ್ನದೇ, ಆದರೆ ಗಂಟಲು ಅಪ್ಪಯ್ಯನದು. ಹೊಸನಗರದಿಂದ ಹೊರಟು ಸಾಗರಕ್ಕೆ ಹೋಗಿ, ಹೇರಂಬಜ್ಜನ ಕೈ ದಾಟಿ, ತೀರ್ಥಹಳ್ಳಿ ಮುಟ್ಟಿತು. ಅಪ್ಪಯ್ಯನ ಬಸ್ಸು ಅರ್ಧ ದಿನದಲ್ಲಿ ಮಾಡುವ ದಾರಿ. ಎದುರು ಮನೆಯವರು 'ಬಸ್ಸು ನಮ್ಮ ರಸ್ತೆಗೆ ಯಾಕೆ ಬಂತು' ಎಂದು ಹೊರಗೆ ಬಂದು ನೋಡಿದರು. ಕಿಟಕಿಯಿಂದ ಅವರಿಗೆ ನಾನು ಕಂಡೆ, ನನಗೆ ಅವರು ಕಂಡರು. ನಿಲ್ಲಿಸಲು ಹೊತ್ತಿರಲಿಲ್ಲ, ಇನ್ನೊಂದು ಸಲ ಎಲ್ಲವನ್ನೂ ಮೊದಲಿಂದ ಕೂಗಿದೆ.

ಹೆಬ್ಬೆರಳು ಸರಿಯಿತು. ಅಜ್ಜ ಫೋನು ನೋಡಿ ಹೇಳಿದರು. "ದೊಡ್ಡದು ಇಳೀತು ಕೂಸೇ. ಹಿಂದಿನಿಂದಲೇ ಇಳೀತು. ಮರಿ ಎತ್ತಿಕೊಂಡು ಒಂದು ಹೋತು. ಅಯ್ಯ, ಎಲ್ಲ ಸಾಲಾಗಿ ಹೋಗ್ತಾ ಇದ್ದಾವೆ. ಬಸ್ ಸ್ಟ್ಯಾಂಡಿನ ಮಂಗಗಳು ಇರ್ಬೇಕು. ಅಭ್ಯಾಸ ಇದೆ." ಆಮೇಲೆ ಸ್ವಲ್ಪ ತಡೆದು, "ಈಗ ಒಬ್ಬರು ಹೆಂಗಸು ಬಂದ್ರು. ಕೈಯಲ್ಲಿ ಒನಕೆ ಇದೆ. ಸುತ್ತ ಹುಡುಕ್ತಾ ಇದ್ದಾರೆ."

ಅವರು ಫೋನಿನ ಸದ್ದು ಹೆಚ್ಚು ಮಾಡಿದರು. ಮಾಲಿನಮ್ಮನ ದನಿ ಸಾಗರದ ಮೇಲಿಂದ ನನಗೆ ಕೇಳಿಸಿತು. "ಕನ್ನಪ್ಪಾ? ಏ ಕನ್ನಪ್ಪಾ, ಬಸ್ಸು ಎಲ್ಲಿ ನಿಲ್ಲಿಸಿದ್ದೀಯೋ? ತಾರಸಿ ಮೇಲೆ ಯಾಕೆ ಜನ ಇಳಿಸ್ತಿದ್ದೀ?"

"ಕನ್ನಪ್ಪ ಅಲ್ಲ, ಅವನ ಮಗಳು," ಎಂದರು ಹೇರಂಬಜ್ಜ ಫೋನಿಗೆ. ತಾರಸಿಯ ಕ್ಯಾಮೆರಾದಿಂದ ಗಂಡಸಿನ ದನಿ ಬಂದದ್ದು ಕೇಳಿ ಮಾಲಿನಮ್ಮ ಮೊದಲು ತಲೆಯ ಮೇಲೆ ಸೆರಗು ಹೊದ್ದುಕೊಂಡರಂತೆ. ಆಮೇಲೆ ಹಪ್ಪಳ ಎಣಿಸಿದರು. ಮೂವತ್ತೊಂದು ಹೋಗಿತ್ತು. ಮದುವೆಮನೆಗೆ ಕಡಿಮೆಯಾಗಬಾರದೆಂದು ಅವರು ಐವತ್ತು ಹೆಚ್ಚಿಗೆ ಮಾಡಿಸಿದ್ದರು.

ಸಂಜೆ ಫೋನ್ ಮಾಡಿ ಹೇಳಿದ್ದು ಇಷ್ಟು. "ಲಗೇಜಿಗೆ ಚಾರ್ಜು ಅಂದ್ಯಂತೆ. ಅದು ಶಾಪ ಅಲ್ಲ. ಸೋಮವಾರದಿಂದ ಒಂಬತ್ತಕ್ಕೇ ಕೂತ್ಕೋ." ಅಮ್ಮ ಚೂಡಿದಾರವನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

ಹೇರಂಬಜ್ಜ ವಿನೋದನಿಗೆ ಬೈಯಲು ಭಾನುವಾರದವರೆಗೆ ಕಾದರು. ಶನಿವಾರವೇ ಬೈಯಬಹುದಿತ್ತು, ಆದರೆ ಯಾವುದಕ್ಕೂ ಇರಲಿ ಎಂದುಕೊಂಡರಂತೆ. ಭಾನುವಾರ ಅವನು ಬಸ್ಸು ಹತ್ತಿ ಹೋಗಿ ಎಲ್ಲರ ಪಾಸ್‌ವರ್ಡ್ ಬದಲಾಯಿಸಿದ, ಎಲ್ಲರ ಕ್ಯಾಮೆರಾಗೂ ಒಂದೊಂದು ಹೆಸರು ಕಟ್ಟಿದ. ಮಾಲಿನಮ್ಮನದಕ್ಕೆ 'ಮಾಲಿನಿ ಹಪ್ಪಳ'. ಈಗ ಕರೆಂಟ್ ಹೋಗಲಿ, ಆಫೀಸಿನ ಯಂತ್ರ ಆರಲಿ, ನಂಬರು ಎಲ್ಲಿಗೆ ಬೇಕಾದರೂ ಹೋಗಲಿ. ಚಿತ್ರ ನಿಲ್ಲುತ್ತದೆ, ಸುತ್ತುತ್ತದೆ, ಐದು ನಿಮಿಷದೊಳಗೆ ಅದೇ ತಾರಸಿ ಬರುತ್ತದೆ. ಆ ಐದು ನಿಮಿಷಕ್ಕೆಂದು ಮಾಲಿನಮ್ಮ ಒನಕೆ ಬಿಟ್ಟು ತಾವೇ ಮೇಲೆ ಬರುತ್ತಾರೆ. ಕ್ಯಾಲೆಂಡರಿನಲ್ಲಿ ಈಗ ಹಾಲಿನ ಗುರುತು ಮಾತ್ರ ಇದೆ.

ಮುಂದಿನ ಗುರುವಾರ ಅಪ್ಪಯ್ಯ ಸಾಗರದಿಂದ ಒಂದು ಕಟ್ಟು ದಾಸವಾಳದ ಕಡ್ಡಿ ತಂದ, ನೆಡಲಿಕ್ಕೆ. ಅದರ ಜೊತೆ ಒಂದು ಚೀಟಿ. ಹೇರಂಬಜ್ಜನ ದುಂಡು ಅಕ್ಷರ. ಒಂದು ಹೆಸರು, ಒಂದು ಪಾಸ್‌ವರ್ಡ್, ಕೆಳಗೆ ಎರಡು ಸಾಲು: "ಹೂವಿನ ಕಳ್ಳ ಸಿಕ್ಕಿದ, ಮಂಗ. ಆರು ದಿನ ನಾನು ಗದರಿಸುತ್ತೇನೆಂದು ಅದು ಶನಿವಾರವೇ ಬರುತ್ತದೆ."

"ಎಂತ ಹೇಳ್ಲಿ ಅವರಿಗೆ?" ಎಂದು ಅಪ್ಪಯ್ಯ ಕೇಳಿದ.

"ನಾನೇ ಹೇಳ್ತೀನಿ," ಎಂದೆ.

ಶನಿವಾರ ಟ್ಯಾಬಿನಲ್ಲಿ ಎರಡು ಚೌಕ ತೆರೆದೆ. ಒಂದರಲ್ಲಿ ಹಪ್ಪಳ, ಒಂದರಲ್ಲಿ ದಾಸವಾಳ. ಹತ್ತೂವರೆಗೆ ಮಂಗವೊಂದು ಸಾಗರದ ಕಾಂಪೌಂಡು ಹತ್ತಿ ಕೂತಿತು. ಹೇರಂಬಜ್ಜ ಅದನ್ನು ನೋಡಿದರು, ಕ್ಯಾಮೆರಾ ನೋಡಿದರು, ಬೆಂಚಿನಿಂದ ಎದ್ದು ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತರು.

"ಸಾಗರ ಇಳಿಯೋರು," ಎಂದು ನಾನು ಶುರು ಮಾಡಿದೆ.